ಗಾಡಿ ಮಾತು: ಲಿವರ್ ಎದೆಗೆ ಬಂದ್ರೂ ಕಾರು ನಿಲ್ತಿಲ್ಲ!

ಮಳೆಗಾಲ ಮುಗಿಯೋ ಹೊತ್ತಿಗೆ ಈ ಕಾಲಂಗೆ ಬರೋ ಪತ್ರಗಳಲ್ಲಿ ಅರ್ಧಕ್ಕರ್ಧ ಬ್ರೇಕಿಂದೇ ಇರುತ್ತೆ. ನಮ್ಮ ಕಡೆ ನಾಲ್ಕು ತಿಂಗಳು ಕಾರು ನೆನೆದೂ ನೆನೆದೂ, ಕೆಸರು ತಿಂದೂ ತಿಂದೂ, ಎಲ್ಲೆಲ್ಲಿ ತುಕ್ಕು ಹಿಡೀಬೇಕೋ ಅಲ್ಲೆಲ್ಲ ಹಿಡ್ಕೊಂಡಿರುತ್ತೆ. ಈ ಸಲ ಹ್ಯಾಂಡ್‌ಬ್ರೇಕ್ ಬಗ್ಗೆ ಬಂದಿರೋವನ್ನ ಮಾತ್ರ ಆರಿಸ್ಕೊಂಡಿದ್ದೀನಿ, ಮೈಲೇಜು, ಟೈರು ಅಂತ ಬರೆದೋರು ಬೇಜಾರು ಮಾಡ್ಕೋಬೇಡಿ, ಮುಂದಿನ ಸಂಚಿಕೆಗೆ ನಿಮ್ಮ ಸರದಿ.

ಪ್ರಶ್ನೆ: ನಮ್ದು ಹನ್ನೊಂದು ವರ್ಷದ ಹಳೇ ಪೆಟ್ರೋಲ್ ಕಾರು. ಮನೆ ಗುಡ್ಡದ ಮೇಲೆ, ರಸ್ತೆಯಿಂದ ಅಂಗಳಕ್ಕೆ ಬರೋ ದಾರಿ ಒಳ್ಳೇ ಏರು. ಹ್ಯಾಂಡ್‌ಬ್ರೇಕ್ ಎಳೆದ್ರೆ ಹದಿಮೂರು ಸಲ ಕಟ್ ಕಟ್ ಅನ್ನುತ್ತೆ, ಲಿವರ್ ಎದೆ ಹತ್ರ ಬರುತ್ತೆ, ಆದ್ರೂ ಕಾರು ನಿಧಾನಕ್ಕೆ ಹಿಂದೆ ಜಾರುತ್ತೆ. ಗ್ಯಾರೇಜಲ್ಲಿ ಎರಡು ಸಲ ಟೈಟ್ ಮಾಡಿಸಿದ್ದಾಯ್ತು, ಒಂದು ತಿಂಗಳು ಸರಿ ಇರುತ್ತೆ, ಆಮೇಲೆ ಅದೇ ಕತೆ. ನಾನೇ ಟೈಟ್ ಮಾಡ್ಕೋಬಹುದಾ? (ತೀರ್ಥಹಳ್ಳಿ ಹತ್ತಿರದ ಓದುಗರು)

ಉತ್ತರ: ಮಾಡ್ಕೋಬಹುದು, ಆದ್ರೆ ಈಗ ನೀವು ಟೈಟ್ ಮಾಡಬೇಕಾಗಿರೋದು ಲಿವರ್ ಹತ್ರ ಇರೋ ನಟ್ ಅಲ್ಲ. ಎರಡು ಸಲ ಅದನ್ನೇ ತಿರುಗಿಸಿ ಕಳಿಸಿದ್ದಾರೆ ಅನ್ಸುತ್ತೆ, ಅದು ಹತ್ತು ನಿಮಿಷದ ಕೆಲಸ, ಗಿರಾಕಿಗೂ ಖುಷಿ, ಹಿಂದಿನ ಡ್ರಮ್ ಬಿಚ್ಚಿ ನೋಡೋಕೆ ಯಾರಿಗೂ ಪುರುಸೊತ್ತಿಲ್ಲ.

ಹ್ಯಾಂಡ್‌ಬ್ರೇಕ್ ಅಂದ್ರೆ ಹೊಸ ಬ್ರೇಕೇನಲ್ಲ ನೋಡಿ. ನಿಮ್ಮಂಥ ಕಾರಲ್ಲಿ ಹಿಂದಿನ ಎರಡು ಚಕ್ರದ ಡ್ರಮ್ ಒಳಗೆ ಅರ್ಧಚಂದ್ರದ ಥರ ಎರಡೆರಡು ಶೂ ಇರುತ್ತೆ. ಕಾಲಲ್ಲಿ ಒತ್ತಿದ್ರೆ ಎಣ್ಣೆ ಅವನ್ನ ಅಗಲಿಸಿ ಡ್ರಮ್ಮಿಗೆ ಒತ್ತುತ್ತೆ, ಕೈಯಲ್ಲಿ ಎಳೆದ್ರೆ ಅದೇ ಶೂಗಳನ್ನ ತಂತಿ ಕೇಬಲ್ ಎಳೆದು ಅಗಲಿಸುತ್ತೆ. ಶೂ ಸವೆದಷ್ಟೂ ಡ್ರಮ್ಮಿಗೂ ಅದಕ್ಕೂ ಮಧ್ಯೆ ಸಂದು ಜಾಸ್ತಿ ಆಗುತ್ತೆ, ಆ ಸಂದು ತುಂಬೋಕೆ ಒಳಗೇ ಒಂದು ಅಡ್ಜಸ್ಟರ್ ಇರುತ್ತೆ, ಕೆಲವು ಗಾಡೀಲಿ ಕಾಲಬ್ರೇಕ್ ಒತ್ತಿದಾಗ, ಕೆಲವದರಲ್ಲಿ ಹ್ಯಾಂಡ್‌ಬ್ರೇಕ್ ಎಳೆದಾಗ ಅದು ಒಂದೊಂದೇ ಹಲ್ಲು ಮುಂದೆ ಹೋಗಿ ಶೂವನ್ನ ಹತ್ತಿರ ತರುತ್ತೆ. ಮಲೆನಾಡಲ್ಲಿ ಆಗೋದು ಇಷ್ಟೇ, ಕೆಸರುನೀರು ಒಳಗೆ ಹೋಗಿ ಈ ಅಡ್ಜಸ್ಟರ್ ತುಕ್ಕು ಹಿಡಿದು ಕೂತುಬಿಡುತ್ತೆ. ಸಂದು ಬೆಳೀತಾ ಹೋಗುತ್ತೆ, ನಿಮ್ಮ ಲಿವರ್ ಮೇಲೆ ಮೇಲೆ ಬರ್ತಾ ಹೋಗುತ್ತೆ.

ಈಗ ಕೇಬಲ್ ಮಾತ್ರ ಟೈಟ್ ಮಾಡಿದ್ರೆ ಏನಾಗುತ್ತೆ? ಲಿವರ್ ಕೆಳಗೇ ಗಟ್ಟಿ ಸಿಗುತ್ತೆ, ನಮಗೆ ಸಮಾಧಾನ. ಆದ್ರೆ ಬ್ರೇಕ್ ಬಿಟ್ಟಾಗಲೂ ಕೇಬಲ್ ಶೂಗಳನ್ನ ಸ್ವಲ್ಪ ಎಳೆದು ಹಿಡ್ಕೊಂಡಿರುತ್ತೆ, ಅವು ಪೂರ್ತಿ ವಾಪಸ್ ಬರಲ್ಲ, ಪೂರ್ತಿ ವಾಪಸ್ ಬರದಿದ್ರೆ ಅಡ್ಜಸ್ಟರ್ ಮುಂದಿನ ಹಲ್ಲು ಹಿಡಿಯಲ್ಲ. ಅಂದ್ರೆ ಸ್ವಲ್ಪನಾದ್ರೂ ಕೆಲಸ ಮಾಡ್ತಿದ್ದ ಅಡ್ಜಸ್ಟರನ್ನೂ ನಾವೇ ಕಟ್ಟಿಹಾಕಿದ ಹಾಗೆ. ತಿಂಗಳಿಗೊಂದು ಸಲ ಟೈಟ್ ಮಾಡಿಸೋ ಕತೆ ಶುರುವಾಗೋದು ಇಲ್ಲಿಂದ.

ಮೊದಲು ಮನೇಲೇ ಒಂದು ಪರೀಕ್ಷೆ ಮಾಡಿ. ಸಮ ಜಾಗದಲ್ಲಿ ನಿಲ್ಲಿಸಿ, ಲಿವರ್ ಪೂರ್ತಿ ಇಳಿಸಿ, ಬಟನ್ ಒತ್ತದೆ ಒಂದು ಕೈಯಲ್ಲಿ ಸಾಮಾನ್ಯ ಬಲ ಹಾಕಿ ಎಳೀತಾ ಎಣಿಸಿ. ಬಹಳಷ್ಟು ಸಣ್ಣ ಕಾರುಗಳಲ್ಲಿ 5ರಿಂದ 8 ಕಟ್ ಕಟ್ ಒಳಗೆ ಗಟ್ಟಿ ಆಗ್ಬೇಕು, ನಿಮ್ಮ ಗಾಡಿ ಜೊತೆ ಬಂದ ಪುಸ್ತಕದಲ್ಲಿ ಸರಿಯಾದ ಲೆಕ್ಕ ಇರುತ್ತೆ, ಅದು ಗ್ಲೋವ್ ಬಾಕ್ಸಲ್ಲಿ ಇನ್ಶೂರೆನ್ಸ್ ಪೇಪರ್ ಕೆಳಗೆ ಪ್ಲಾಸ್ಟಿಕ್ ಕವರ್ ಕೂಡ ತೆಗೀದೆ ಬಿದ್ದಿರುತ್ತೆ, ಒಂದ್ಸಲ ತೆಗೆದು ನೋಡಿ ಪುಣ್ಯ ಬರುತ್ತೆ. ನಿಮ್ದು ಹದಿಮೂರು, ಅಂದ್ರೆ ಸಂದು ಜಾಸ್ತಿ. ಇನ್ನೊಬ್ಬರಿಗೆ ಐದಕ್ಕೇ ಗಟ್ಟಿ ಆಗಿಯೂ ಕಾರು ಜಾರಬಹುದು, ಅವರ ರೋಗ ಬೇರೆ, ಶೂ ಮೇಲೆ ಎಣ್ಣೆ ಬಿದ್ದಿರುತ್ತೆ ಇಲ್ಲಾ ಲೈನಿಂಗ್ (ಶೂ ಮೇಲೆ ಡ್ರಮ್ಮಿಗೆ ಉಜ್ಜೋ ಪದರ) ಕನ್ನಡಿ ಥರ ನುಣುಪಾಗಿರುತ್ತೆ, ಅಂಥದ್ದಕ್ಕೆ ನಟ್ ಎಷ್ಟು ತಿರುಗಿಸಿದ್ರೂ ಎಂತದ್ದೂ ಆಗಲ್ಲ.

ಬಿಚ್ಚೋ ಧೈರ್ಯ ಇದ್ರೆ ಕ್ರಮ ಹೇಳ್ತೀನಿ, ಇಲ್ದಿದ್ರೆ ಮೆಕ್ಯಾನಿಕ್ ಪಕ್ಕ ನಿಂತು ಇದೇ ಕ್ರಮದಲ್ಲಿ ಮಾಡಿಸಿ. ನಿಮ್ಮ ಏರು ದಾರೀಲಿ ಅಲ್ಲ, ಸಮ ಅಂಗಳದಲ್ಲಿ. ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ, ಯಾಕಂದ್ರೆ ಹಿಂದಿನ ಚಕ್ರ ಎತ್ತಿ ಹ್ಯಾಂಡ್‌ಬ್ರೇಕ್ ಬಿಟ್ಟ ಮೇಲೆ ಕಾರನ್ನ ಹಿಡಿಯೋಕೆ ಆ ಕಲ್ಲೇ ಗತಿ. ಬರೀ ಜಾಕ್ ನಂಬಿ ಕೈ ಒಳಗೆ ಹಾಕಬೇಡಿ, ಸ್ಟ್ಯಾಂಡ್ ಕೊಟ್ಟೇ ಕೆಲಸ. ಮೊದಲು ಲಿವರ್ ಹತ್ರದ ನಟ್ ಪೂರ್ತಿ ಸಡಿಲ ಮಾಡಿ, ಎರಡು ಸಲ ಟೈಟ್ ಮಾಡಿದ್ದನ್ನೆಲ್ಲ ವಾಪಸ್ ತೆಗೀರಿ. ಆಮೇಲೆ ಡ್ರಮ್. ಒಳಗಿನ ಕರಿ ಪುಡೀನ ಬಾಯಲ್ಲಿ ಊದಬೇಡಿ, ಗಾಳಿ ಪೈಪೂ ಬೇಡ, ಹಳೇ ಲೈನಿಂಗಲ್ಲಿ ಆಸ್ಬೆಸ್ಟಾಸ್ ಇರ್ತಿತ್ತು, ಒದ್ದೆ ಬಟ್ಟೇಲಿ ಒರೆಸಿ ಬಟ್ಟೆ ಬಿಸಾಡಿ. ಲೈನಿಂಗ್ ಒಂದೆರಡು ಮಿಲಿಮೀಟರಿಗೆ ಬಂದಿದ್ರೆ ಶೂ ಬದಲಾಯಿಸಿ, ಬದಲಾಯಿಸೋದಾದ್ರೆ ಎರಡೂ ಕಡೆ. ಎಣ್ಣೆಯಿಂದ ಶೂಗಳನ್ನ ಅಗಲಿಸೋ ವೀಲ್ ಸಿಲಿಂಡರಿನ ರಬ್ಬರ್ ಟೋಪಿ ಸ್ವಲ್ಪ ಎತ್ತಿ ನೋಡಿ, ಒಳಗೆ ಎಣ್ಣೆ ನಿಂತಿದ್ರೆ ಅದು ಸೋರ್ತಿದೆ ಅಂತ, ಮೊದಲು ಅದು ರಿಪೇರಿ ಆಗ್ಬೇಕು. ಎಣ್ಣೆ ಕುಡಿದ ಶೂನ ಪೆಟ್ರೋಲಲ್ಲಿ ತೊಳೆದು ಒಣಗಿಸಿ ಹಾಕೋರನ್ನ ನೋಡಿದ್ದೀನಿ, ಎರಡು ದಿನ ಚೆನ್ನಾಗಿರುತ್ತೆ, ಬಿಸಿ ಆದ ಹಾಗೆ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತೆ. ಅಂಥದ್ದು ಗುಜರಿಗೆ ಹಾಕಿ.

ಅಡ್ಜಸ್ಟರನ್ನ ಬಿಡಿಸಿ, ಉಜ್ಜಿ, ತಿರುಗೋ ಜಾಗಕ್ಕೆ ಬ್ರೇಕಿಗೇ ಅಂತ ಬರೋ ಗ್ರೀಸ್ ಸಾಸಿವೆ ಕಾಳಷ್ಟು ಹಚ್ಚಿ. ಡ್ರಮ್ ಹಾಕಿ ಚಕ್ರ ಕೈಯಲ್ಲಿ ತಿರುಗಿಸಿದ್ರೆ ಸುಂಯ್ ಅಂತ ಒಂಚೂರು ತಾಗೋ ಶಬ್ದ ಬರೋವರೆಗೂ ಅಡ್ಜಸ್ಟರ್ ಬಿಗಿ ಮಾಡಿ, ಆಮೇಲೆ ಒಂದೆರಡು ಹಲ್ಲು ಹಿಂದೆ ಬಿಡಿ. ಎರಡೂ ಕಡೆ ಆದ ಮೇಲೆ ಕಾಲಬ್ರೇಕ್ ಹತ್ತಿಪ್ಪತ್ತು ಸಲ ಒತ್ತಿ, ಶೂಗಳು ತಮ್ಮ ಜಾಗಕ್ಕೆ ಕೂತ್ಕೊಳ್ಳಲಿ. ಕೇಬಲ್ಲಿನ ನಟ್ಟಿಗೆ ಸ್ಪ್ಯಾನರ್ ಹಾಕೋದು ಇಷ್ಟೆಲ್ಲ ಆದ ಮೇಲೆ, ಪುಸ್ತಕದಲ್ಲಿ ಹೇಳಿದಷ್ಟು ಕಟ್ ಕಟ್‌ಗೆ ಗಟ್ಟಿ ಆಗೋ ಹಾಗೆ. ಒಂದೊಂದೇ ಹಲ್ಲು ಎಳೆದು ಎರಡೂ ಚಕ್ರ ತಿರುಗಿಸಿ ನೋಡಿ, ಸಮಸಮ ಹಿಡೀಬೇಕು, ಒಂದು ಹಿಡಿದು ಇನ್ನೊಂದು ಆರಾಮಾಗಿ ತಿರುಗ್ತಿದ್ರೆ ಆ ಕಡೆ ಕೇಬಲ್ ಒಳಗೆ ತುಕ್ಕು ಹಿಡಿದಿದೆ ಅಂತ ಲೆಕ್ಕ. ಲಿವರ್ ಪೂರ್ತಿ ಇಳಿಸಿದ್ರೆ ಎರಡೂ ಸಲೀಸಾಗಿ ತಿರುಗಬೇಕು, ಇದು ಮುಖ್ಯ. ಮಾರನೇ ದಿನ ಒಂದು ಹತ್ತು ಕಿಲೋಮೀಟರ್ ಓಡಿಸಿ ಬಂದು ಹಿಂದಿನ ಎರಡೂ ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿ, ಮುಟ್ಟಬೇಡಿ, ಹತ್ತಿರ ಹಿಡೀರಿ ಸಾಕು. ಒಂದು ಮಾತ್ರ ಒಲೆ ಥರ ಕಾವು ಹೊಡೀತಿದ್ರೆ ಆ ಕಡೆ ಬ್ರೇಕ್ ಪೂರ್ತಿ ಬಿಡ್ತಿಲ್ಲ.

ಹಿಂದೆ ಡ್ರಮ್ ಬದಲು ಡಿಸ್ಕ್ (ಎರಡು ಕಡೆಯಿಂದ ಪ್ಯಾಡ್ ಅದುಮಿ ಹಿಡಿಯೋ ತಟ್ಟೆ) ಇರೋ ಕಾರಾದ್ರೆ, ಬಟನ್ ಒತ್ತೋ ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕ್ ಆದ್ರೆ ಇದ್ಯಾವುದೂ ಲಾಗೂ ಆಗಲ್ಲ. ಎಲೆಕ್ಟ್ರಾನಿಕಲ್ಲಿ ಪ್ಯಾಡ್ ಬಿಚ್ಚೋಕೂ ಮುಂಚೆ ಅದರ ಮೋಟರನ್ನ ಸರ್ವಿಸ್ ಮೋಡಿಗೆ ಹಾಕ್ಬೇಕು, ಸ್ಕ್ರೂಡ್ರೈವರ್ ತಗೊಂಡು ಮೀಟೋಕೆ ಹೋಗಬೇಡಿ.

ಪ್ರಶ್ನೆ: ಏರಲ್ಲಿ ನಿಲ್ಲಿಸುವಾಗ ಫಸ್ಟ್ ಗೇರ್ ಹಾಕಬೇಕಾ ರಿವರ್ಸಾ, ಸ್ಟೇರಿಂಗ್ ಯಾವ ಕಡೆ ತಿರುಗಿಸಬೇಕು ಅಂತ ನನಗೂ ನಮ್ಮನೆಯವರಿಗೂ ದಿನಾ ಜಗಳ. ಅವರು ಗೇರಲ್ಲಿ ಬಿಟ್ರೆ ಸಾಕು, ಹ್ಯಾಂಡ್‌ಬ್ರೇಕೇ ಬೇಡ ಅಂತಾರೆ. (ಸಾಗರದ ಓದುಗರು)

ಉತ್ತರ: ಗೇರ್ ವಿಷಯದಲ್ಲಿ ಜಗಳ ಬೇಡ. ಮೂತಿ ಮೇಲಕ್ಕಿದ್ರೆ ಫಸ್ಟ್, ಮೂತಿ ಕೆಳಕ್ಕಿದ್ರೆ ರಿವರ್ಸ್. ಎರಡೂ ಎಂಜಿನ್ನಿನ ತಡೆ ಜಾಸ್ತಿ ಸಿಗೋ ಗೇರುಗಳೇ. ನಾಲ್ಕು, ಐದರಲ್ಲಿ ಬಿಟ್ರೆ ಮಾತ್ರ ನ್ಯೂಟ್ರಲ್ಲಲ್ಲಿ ಬಿಟ್ಟ ಹಾಗೇ ಅನ್ಕೊಳ್ಳಿ.

ಆದ್ರೆ ಗೇರ್ ಒಂದೇ ಸಾಕು ಅನ್ನೋದನ್ನ ನಾನು ಒಪ್ಪಲ್ಲ. ಎಂಜಿನ್ ಹಿಡಿಯೋದು ಸಿಲಿಂಡರ್ ಒಳಗೆ ಒತ್ತಿಕೊಂಡ ಗಾಳಿಯಿಂದ, ಆ ಗಾಳಿ ಪಿಸ್ಟನ್ ರಿಂಗಿನ ಸಂದಲ್ಲಿ ನಿಧಾನಕ್ಕೆ ಸೋರುತ್ತೆ. ಕಡಿದಾದ ಏರಲ್ಲಿ ಬರೀ ಗೇರಲ್ಲಿ ಬಿಟ್ಟ ಹಳೇ ಕಾರನ್ನ ಪಕ್ಕದಲ್ಲಿ ನಿಂತು ನೋಡಿದ್ರೆ ಗೊತ್ತಾಗುತ್ತೆ, ಸ್ವಲ್ಪ ಹೊತ್ತು ಕಲ್ಲು ಥರ ನಿಂತಿರುತ್ತೆ, ಆಮೇಲೆ ಒಂದು ಸಲ ಜಗ್ ಅಂತ ಒಂದು ಗೇಣು ಹಿಂದೆ ಬರುತ್ತೆ, ಮತ್ತೆ ನಿಲ್ಲುತ್ತೆ, ಮತ್ತೆ ಜಗ್. ಇನ್ನು ಕಾನೂನು ಕೇಳಿದ್ರೆ, 1988ರ ಮೋಟಾರು ವಾಹನ ಕಾಯ್ದೆಯ 126ನೇ ಸೆಕ್ಷನ್ನಲ್ಲೇ ಇದೆ, ಲೈಸೆನ್ಸ್ ಇರೋರು ಡ್ರೈವರ್ ಸೀಟಲ್ಲಿ ಇಲ್ದೆ ರಸ್ತೇಲಿ ಗಾಡಿ ನಿಲ್ಲಿಸೋದಾದ್ರೆ ಎಂಜಿನ್ ಆಫ್ ಮಾಡಿ ಬ್ರೇಕ್ ಹಾಕಿರಬೇಕು, ಇಲ್ಲಾ ಅದು ತಾನಾಗಿ ಹೊರಡದ ಹಾಗೆ ಬೇರೆ ವ್ಯವಸ್ಥೆ ಮಾಡಿರಬೇಕು. ಎಂಜಿನ್ ಆನ್ ಇಟ್ಟು ಬನ್ಸ್ ತರೋಕೆ ಇಳಿಯೋರು ಇದನ್ನ ಎರಡು ಸಲ ಓದಿ.

ಕ್ರಮ ಹೀಗಿರಲಿ. ಕಾಲಬ್ರೇಕ್ ಒತ್ತಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೀರಿ, ಈಗ ಕಾಲನ್ನ ನಿಧಾನಕ್ಕೆ ಸಡಿಲ ಮಾಡಿ ಕಾರು ಹ್ಯಾಂಡ್‌ಬ್ರೇಕ್ ಮೇಲೆ ಕೂರೋಕೆ ಬಿಡಿ. ಒಂದಿಂಚು ಅಲ್ಲಾಡಿ ನಿಲ್ಲುತ್ತೆ. ನಿಲ್ಲದೆ ಜಾರಿದ್ರೆ ಕಾಲು ಅಲ್ಲೇ ಇದೆಯಲ್ಲ, ಒತ್ತಿ. ನಿಂತ್ರೆ ಮತ್ತೆ ಕ್ಲಚ್ ಒತ್ತಿ ಗೇರ್ ಹಾಕಿ ಆಫ್ ಮಾಡಿ. ಹೀಗೆ ಮಾಡೋದ್ರಿಂದ ಹ್ಯಾಂಡ್‌ಬ್ರೇಕ್ ಹಿಡೀತಿದೆಯೋ ಇಲ್ವೋ ಅಂತ ದಿನಾ ಪುಕ್ಕಟೆ ಪರೀಕ್ಷೆ ಆಗುತ್ತೆ. ನಮ್ಮವರು ಮಾಡೋದು ಉಲ್ಟಾ, ಮೊದಲೇ ಗೇರ್ ಹಾಕಿ ಆಫ್ ಮಾಡಿಬಿಡ್ತಾರೆ, ಹ್ಯಾಂಡ್‌ಬ್ರೇಕ್ ಸತ್ತು ಆರು ತಿಂಗಳಾಗಿದ್ರೂ ಗೊತ್ತೇ ಆಗಿರಲ್ಲ.

ನನ್ನದೂ ಹಾಗೇ ಆಗಿತ್ತು. ಅತ್ತೆ ಮನೆ ಅಂಗಳ ಸ್ವಲ್ಪ ಇಳಿಜಾರು, ಮೂತಿ ಮೇಲೆ ಮಾಡಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದು ಗೇರ್ ಹಾಕದೇ ಒಳಗೆ ಹೋದೆ, ಕಾರು ನಿಂತೇ ಇತ್ತು, ಕಾಫಿ ಆಯ್ತು ಊಟ ಆಯ್ತು ಆಗಲೂ ನಿಂತಿತ್ತು. ಹೊರಡೋ ಹೊತ್ತಿಗೆ ಮಾವ ಡಿಕ್ಕಿಗೆ ಎರಡು ಚೀಲ ಅಡಿಕೆ ಹಾಕಿದ್ರು, ಎರಡನೇ ಚೀಲ ಕೂತಿದ್ದೇ ತಡ ಕಾರು ಸದ್ದಿಲ್ಲದೆ ಹೊರಟಿತು, ಡಿಕ್ಕಿ ಬಾಗಿಲು ಮೇಲೆತ್ತಿಕೊಂಡೇ! ಮಾವ ಪಕ್ಕಕ್ಕೆ ಹಾರಿದ್ರು, ಕಾರು ಅಡಿಕೆ ಚಪ್ಪರದ ಎರಡು ಕಂಬ ಮುರಿದು ಗೊಬ್ಬರಗುಂಡಿ ಅಂಚಲ್ಲಿ ನಿಂತಿತು. ನನ್ನ ಹ್ಯಾಂಡ್‌ಬ್ರೇಕಿಗೆ ಖಾಲಿ ಕಾರು ಹಿಡಿಯೋಷ್ಟೇ ಶಕ್ತಿ ಉಳಿದಿತ್ತು, ಅದು ನನಗೆ ಗೊತ್ತಿರಲಿಲ್ಲ. ಮಾವ ಇವತ್ತಿಗೂ ನಾನು ಬಂದ್ರೆ ಮೊದಲು ನೋಡೋದು ಟೈರಿನ ಕೆಳಗೆ.

ಇನ್ನು ಸ್ಟೇರಿಂಗ್. ನಾವು ಎಡಕ್ಕೆ ನಿಲ್ಲಿಸೋರು ಅನ್ನೋ ಲೆಕ್ಕದಲ್ಲಿ ಹೇಳ್ತೀನಿ. ಮೂತಿ ಕೆಳಗಿದ್ರೆ ಚಕ್ರ ಎಡಕ್ಕೆ ತಿರುಗಿಸಿ, ಜಾರಿದ್ರೆ ರಸ್ತೆ ಬಿಟ್ಟು ಪಕ್ಕಕ್ಕೆ ಹೋಗುತ್ತೆ. ಮೂತಿ ಮೇಲಿದ್ದು ಎಡಕ್ಕೆ ಪೇಟೆ ಥರ ಫುಟ್‌ಪಾತಿನ ಕಲ್ಲು ಇದ್ರೆ ಚಕ್ರ ಬಲಕ್ಕೆ, ಹಿಂದೆ ಜಾರಿದಾಗ ಮುಂದಿನ ಟೈರಿನ ಹಿಂಭಾಗ ಆ ಕಲ್ಲಿಗೆ ಒತ್ತಿ ನಿಲ್ಲುತ್ತೆ. ಕಲ್ಲು ಇಲ್ದೆ ಬರೀ ಮಣ್ಣಿನ ಅಂಚಾದ್ರೆ ಮೇಲೆ ಮೂತಿ ಇದ್ರೂ ಎಡಕ್ಕೇ.

ಪುಸ್ತಕದಲ್ಲಿ ಇಷ್ಟೇ ಬರೆದಿರುತ್ತೆ, ಆದ್ರೆ ಪುಸ್ತಕ ಬರೆದೋರು ಘಾಟಿ ನೋಡಿರಲ್ಲ ಮಾರಾಯ್ರೆ. ನಮ್ಮಲ್ಲಿ ರಸ್ತೆಯ ಒಂದು ಕಡೆ ದರೆ (ಕಡಿದಾದ ಮಣ್ಣಿನ ಗೋಡೆ), ಇನ್ನೊಂದು ಕಡೆ ಕೊಳ್ಳ. ಎಡಕ್ಕೆ ದರೆ ಇದ್ರೆ ಮೇಲೆ ಹೇಳಿದ್ದು ಸರಿ, ಜಾರಿದ್ರೂ ದರೆಗೆ ಒರಗಿ ನಿಲ್ಲುತ್ತೆ, ಬಂಪರ್ ಹೋಗುತ್ತೆ ಅಷ್ಟೇ. ಎಡಕ್ಕೆ ಕೊಳ್ಳ ಇದ್ರೆ ಎಡಕ್ಕೆ ತಿರುಗಿಸೋದು ಅಂದ್ರೆ ನಾವೇ ದಾರಿ ತೋರಿಸಿ ಕಳಿಸಿದ ಹಾಗೆ, ಬಲಕ್ಕೆ ತಿರುಗಿಸಿದ್ರೆ ಬರೋ ಬಸ್ಸಿಗೆ ಎದುರು. ಅಂಥ ಜಾಗದಲ್ಲಿ ನಿಲ್ಲಿಸಲೇಬೇಡಿ, ಮುಂದೆ ಎಲ್ಲಾದ್ರೂ ಅಗಲ ಜಾಗ ಸಿಗುತ್ತೆ. ಆಗುಂಬೆ ಘಾಟಿಯ 14 ತಿರುವಲ್ಲಿ ಫೋಟೋಗೆ ಅಂತ ತಿರುವಿನ ಮೂಲೇಲೇ ನಿಲ್ಲಿಸಿ ನಾಲ್ಕೂ ಬಾಗಿಲು ತೆಗೆದು ಇಳೀತಾರೆ, ಮೇಲಿಂದ ಬರೋ ಬಸ್ ಡ್ರೈವರ್ ಏನು ಮಾಡ್ಬೇಕು ಹೇಳಿ. ಜೋರು ಮಳೇಲಿ ಇನ್ನೊಂದು ಪೇಚು, ದರೆ ಕಡೆಗೂ ನಿಲ್ಲಿಸೋ ಹಾಗಿಲ್ಲ. ದರೆಯಿಂದ ಕೆಂಪು ನೀರು ಇಳೀತಿದ್ರೆ, ಸಣ್ಣ ಕಲ್ಲು ಉದುರ್ತಿದ್ರೆ, ಮರ ರಸ್ತೆ ಕಡೆ ವಾಲಿದ್ರೆ ಅದರ ಬುಡದಲ್ಲಿ ಎರಡು ನಿಮಿಷ ಕೂಡ ಬೇಡ.

ಪ್ರಶ್ನೆ: ಮಳೇಲಿ ಎಂಟು ದಿನ ಕಾರು ತೆಗೀಲಿಲ್ಲ. ತೆಗೆಯೋಕೆ ಹೋದ್ರೆ ಹ್ಯಾಂಡ್‌ಬ್ರೇಕ್ ಇಳಿಸಿದ್ರೂ ಹಿಂದಿನ ಚಕ್ರ ಕಚ್ಚಿಕೊಂಡಿದೆ. ಆಕ್ಸಿಲರೇಟರ್ ಒತ್ತಿ ಎಳೆಸಲಾ? (ಹೊಸನಗರ ಕಡೆಯವರು)

ಉತ್ತರ: ಎಳೆಸಬೇಡಿ. ಶೂ ಡ್ರಮ್ಮಿಗೆ ತುಕ್ಕಲ್ಲಿ ಅಂಟಿರುತ್ತೆ, ಜೋರಾಗಿ ಎಳೆದ್ರೆ ಲೈನಿಂಗ್ ಕಿತ್ತು ಡ್ರಮ್ಮಲ್ಲೇ ಉಳಿಯುತ್ತೆ. ಸಮ ಜಾಗ ಆದ್ರೆ ಫಸ್ಟಲ್ಲಿ ಸ್ವಲ್ಪ, ರಿವರ್ಸಲ್ಲಿ ಸ್ವಲ್ಪ ಹೀಗೆ ತೊಟ್ಟಿಲು ತೂಗಿದ ಹಾಗೆ ಮಾಡಿ, ಸಾಮಾನ್ಯವಾಗಿ ಟಪ್ ಅಂತ ಬಿಡುತ್ತೆ. ಬಿಡಲಿಲ್ಲ ಅಂದ್ರೆ ಚಕ್ರ ತೆಗೆದು ಡ್ರಮ್ಮಿನ ಸುತ್ತ ಮರದ ಸುತ್ತಿಗೇಲಿ ಮೆಲ್ಲಗೆ ತಟ್ಟಬೇಕು, ಮೆಕ್ಯಾನಿಕ್ ಕರೆಸಿ. ಇನ್ಮುಂದೆ ದಿನಗಟ್ಟಲೆ ನಿಲ್ಲಿಸೋದಾದ್ರೆ ಸಮ ಜಾಗದಲ್ಲಿ ಗೇರ್ ಹಾಕಿ, ಚಕ್ರಕ್ಕೆ ಎರಡೂ ಕಡೆ ಅಡ್ಡ ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟಿಡಿ. ಏರಲ್ಲಿ ಮಾತ್ರ ಈ ಬುದ್ಧಿವಂತಿಕೆ ಬೇಡ, ಅಲ್ಲಿ ಅಂಟಿದ್ರೆ ಅಂಟಲಿ, ಹ್ಯಾಂಡ್‌ಬ್ರೇಕ್ ಇರಲಿ. ಹಳ್ಳ ದಾಟಿ ಮನೆಗೆ ಬರೋರು ನಿಲ್ಲಿಸೋಕೆ ಮುಂಚೆ ನಿಧಾನಕ್ಕೆ ಓಡಿಸ್ತಾ ಕಾಲಬ್ರೇಕ್ ಮೂರ್ನಾಲ್ಕು ಸಲ ಮೆಲ್ಲಗೆ ಒತ್ತಿ, ಒಳಗೆ ಒಣಗುತ್ತೆ.

ಪ್ರಶ್ನೆ: ಹೊಸದಾಗಿ ಆಟೋಮ್ಯಾಟಿಕ್ ತಗೊಂಡಿದ್ದೀವಿ. ಕುಂದಾದ್ರಿ ಬೆಟ್ಟದ ಮೇಲೆ ನಿಲ್ಲಿಸಿ ವಾಪಸ್ ಬಂದು ಪಿಯಿಂದ (ಪಾರ್ಕಿಂಗ್) ತೆಗೆದ್ರೆ ಕಡಕ್ ಅಂತ ದೊಡ್ಡ ಸದ್ದು, ಹೆದರಿಕೆ ಆಯ್ತು. ಪಿ ಇದ್ದ ಮೇಲೆ ಹ್ಯಾಂಡ್‌ಬ್ರೇಕ್ ಯಾಕೆ? (ಶಿವಮೊಗ್ಗದಿಂದ)

ಉತ್ತರ: ಅದೇ ಕಾರಣಕ್ಕೆ. ಪಿ ಅಂದ್ರೆ ಗೇರ್‌ಬಾಕ್ಸ್ ಒಳಗೆ ಹಲ್ಲಿನ ಚಕ್ರವೊಂದಕ್ಕೆ ಸಿಕ್ಕಿಕೊಳ್ಳೋ ಬೆರಳುದ್ದದ ಒಂದು ಉಕ್ಕಿನ ಕೊಕ್ಕೆ. ನೀವು ಪಿ ಹಾಕಿ ಕಾಲು ತೆಗೆದ್ರಿ, ಇಡೀ ಕಾರಿನ ಭಾರ ಆ ಕೊಕ್ಕೆ ಮೇಲೆ ಬಿತ್ತು, ವಾಪಸ್ ತೆಗೆಯುವಾಗ ಅದು ಬಿಗಿಯಿಂದ ಕಿತ್ತು ಬಂದ ಸದ್ದು ಅದು. ಕಾಲಬ್ರೇಕ್ ಒತ್ತಿಟ್ಟು ಎನ್‌ಗೆ (ನ್ಯೂಟ್ರಲ್) ತನ್ನಿ, ಹ್ಯಾಂಡ್‌ಬ್ರೇಕ್ ಎಳೀರಿ, ಕಾಲು ಸಡಿಲ ಮಾಡಿ ಕಾರು ಅದರ ಮೇಲೆ ಕೂರಲಿ, ಮತ್ತೆ ಒತ್ತಿ ಪಿ ಹಾಕಿ. ಸದ್ದು ಬರಲ್ಲ. ಎಎಂಟಿ ಗಾಡಿ (ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ಚು ಗೇರು ಮಾತ್ರ ತಾನಾಗಿ ಬದಲಾಗೋದು) ಇರೋರು ಗಮನಿಸಿ, ಅದರಲ್ಲಿ ಬಹಳಷ್ಟಕ್ಕೆ ಪಿ ಇರೋದೇ ಇಲ್ಲ, ಎನ್‌ನಲ್ಲಿ ಇಟ್ಟು ಆಫ್ ಮಾಡಿದ್ರೆ ಗೇರಿನ ಹಿಡಿತವೇ ಇಲ್ಲ. ಮೂತಿ ಮೇಲಿದ್ರೆ ಡಿ (ಡ್ರೈವ್), ಕೆಳಗಿದ್ರೆ ಆರ್ (ರಿವರ್ಸ್), ಬ್ರೇಕ್ ಒತ್ತಿಟ್ಟೇ ಆಫ್ ಮಾಡಿ, ಗೇರ್ ಒಳಗೇ ಉಳಿಯುತ್ತೆ.

ಹಿಂದೆ ಡಿಸ್ಕ್ ಇರೋ ಕಾರಲ್ಲಿ ಘಾಟಿ ಇಳಿದು ಬಂದ ತಕ್ಷಣ ನಿಲ್ಲಿಸೋರಿಗೆ ಒಂದು ಮಾತು. ಬ್ರೇಕ್ ಕಾದು ಹಿಗ್ಗಿರುತ್ತೆ, ನೀವು ಎಳೆದಾಗ ಗಟ್ಟಿ ಹಿಡಿಯುತ್ತೆ, ತಣ್ಣಗಾಗ್ತಾ ಡಿಸ್ಕೂ ಪ್ಯಾಡೂ ಕುಗ್ಗಿ ಹಿಡಿತ ಸಡಿಲ ಆಗಬಹುದು. ಹತ್ತು ನಿಮಿಷ ಬಿಟ್ಟು ಲಿವರನ್ನ ಇನ್ನೊಂದು ಹಲ್ಲು ಎಳೀರಿ.

ಪ್ರಶ್ನೆ: ಟೈರಿಗೆ ಕೊಡೋಕೆ ಯಾವ ಕಲ್ಲು ಒಳ್ಳೇದು? (ಹೆಸರು, ಊರು ಬರೆದಿಲ್ಲ)

ಉತ್ತರ: ಒಂದೇ ಸಾಲಿನ ಪ್ರಶ್ನೆ, ಆದ್ರೆ ಇಷ್ಟರಲ್ಲಿ ನನಗೆ ಹೆಚ್ಚು ಇಷ್ಟ ಆಗಿದ್ದು ಇದೇ. ಉರುಟು ಕಲ್ಲು ಬೇಡ, ಹೊಳೆಕಲ್ಲಂತೂ ಬೇಡವೇ ಬೇಡ, ಟೈರ್ ಅದರ ಜೊತೆಗೇ ಉರುಳುತ್ತೆ. ಜಂಬಿಟ್ಟಿಗೆ ತುಂಡು ನೆನೆದಾಗ ಅಂಚು ಪುಡಿ ಆಗುತ್ತೆ. ಘಾಟೀಲಿ ಲಾರಿ ನಿಂತ ತಕ್ಷಣ ಕ್ಲೀನರ್ ಹಾರಿ ಇಳಿದು ಏನು ಇಡ್ತಾನೆ ನೋಡಿ, ಮರದ ಬೆಣೆ, ಒಂದು ಕಡೆ ಓರೆ, ಅಡಿ ಚಪ್ಪಟೆ. ಮನೇಲಿ ಹಲಸಿನದ್ದೋ ಇನ್ಯಾವ್ದೋ ಗಟ್ಟಿ ಮರದ ತುಂಡಿದ್ರೆ ಅಂಥ ಎರಡು ಕೊಯ್ಸಿ ಡಿಕ್ಕೀಲಿ ಹಾಕ್ಕೊಳ್ಳಿ, ಅಡಿಗೆ ಹಳೇ ಟ್ಯೂಬಿನ ತುಂಡು ಮೊಳೆ ಹೊಡೆದ್ರೆ ಒದ್ದೆ ಡಾಂಬರಲ್ಲೂ ಜಾರಲ್ಲ. ಇಡೋದು ಯಾವಾಗಲೂ ಇಳಿಜಾರಿನ ಕಡೆ, ಟೈರಿಗೆ ತಾಗಿಸಿ, ಒಂದು ಗೇಣು ಬಿಟ್ಟಲ್ಲ.

ಹೊರಡುವಾಗ ಕಲ್ಲನ್ನ ರಸ್ತೇಲೇ ಬಿಟ್ಟು ಹೋಗೋ ಚಾಳಿ ನಮ್ಮಲ್ಲಿ ಬಹಳ. ಕತ್ತಲಲ್ಲಿ ಮಂಜಲ್ಲಿ ಬರೋ ಬೈಕಿನವನಿಗೆ ಅದು ಕಾಣಲ್ಲ. ಬೆಣೆಗೆ ತೂತು ಕೊರೆದು ಎರಡು ಮೂರು ಮಾರು ಹಗ್ಗ ಕಟ್ಟಿ, ಇನ್ನೊಂದು ತುದಿ ಡ್ರೈವರ್ ಬಾಗಿಲಿನ ಹಿಡಿಗೆ ಸುತ್ತಿಡಿ. ಬಾಗಿಲಿಗೆ ಕೈ ಹಾಕಿದಾಗ ಹಗ್ಗ ಸಿಗುತ್ತೆ, ಹತ್ತಿ ಕೂತು ಕಾರನ್ನ ಅರ್ಧ ಅಡಿ ಮುಂದೆ ತಗೊಂಡು ಹ್ಯಾಂಡ್‌ಬ್ರೇಕ್ ಹಾಕಿ, ಕಿಟಕಿಯಿಂದಲೇ ಹಗ್ಗ ಎಳೆದ್ರೆ ಬೆಣೆ ತಾನೇ ಬರುತ್ತೆ.